ಅಲಮೇಲಮ್ಮನ ಶಾಪ: ಒಂದು ಪುನರ್ವಿಚಾರಣೆ

1

ಪಶ್ಚಿಮದ ದೇಶಗಳಲ್ಲಿ ಕಲಾವಿದರಿಗೆ ಈಚೆಗೆ ಒಂದು ಬಗೆಯ ಅವಕಾಶ ದೊರೆಯುತ್ತಿದೆ. ವಿಶ್ವವಿದ್ಯಾನಿಲಯವೋ ವಸ್ತುಸಂಗ್ರಹಾಲಯವೋ ಪತ್ರಾಗಾರವೋ ಒಬ್ಬ ಕಲಾವಿದರನ್ನು ಕೆಲವು ತಿಂಗಳ ಕಾಲ ತನ್ನಲ್ಲಿ ಇರಿಸಿಕೊಂಡು, ಹಳೆಯ ದಾಖಲೆಗಳನ್ನು ಓದಲು ಅನುವು ಮಾಡಿಕೊಟ್ಟು, ಆ ಓದಿನಿಂದ ಕೃತಿಯೊಂದು ಹುಟ್ಟಲೆಂದು ಕಾಯುತ್ತದೆ. ಇದನ್ನು ಸಂಶೋಧನಾವಾಸವೆಂದು ಕರೆಯಬಹುದು. ಇಂಥ ಶೋಧಕ್ಕೆ ಕಲಾವಿದರು ಆರಿಸಿಕೊಂಡಿರುವ ವಸ್ತುಗಳಲ್ಲಿ, ಯೂರೋಪಿನಲ್ಲಿ ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ನಡೆದ ಮಾಟಗಾತಿಯರ ವಿಚಾರಣೆಯೂ ಒಂದು. ಹೆಣ್ಣು, ನ್ಯಾಯ, ರಾಜ್ಯಾಧಿಕಾರ ಈ ಮೂರೂ ಒಂದೆಡೆ ಸಂಧಿಸುವ ವಸ್ತುವಾದ್ದರಿಂದ ಈ ಆಯ್ಕೆ ಸಹಜವೇ ಆಗಿದೆ.

ಕಲೆಯೂ ಸಂಶೋಧನೆಯೂ ಕೂಡಿ ನಡೆದುದಕ್ಕೆ ಉತ್ತಮ ಮಾದರಿಯೆಂದರೆ ನಾರ್ವೆಯ ಉತ್ತರದ ತುದಿಯಲ್ಲಿರುವ ವಾರ್ಡೋ ಪಟ್ಟಣದಲ್ಲಿ 2011ರಲ್ಲಿ ಉದ್ಘಾಟಿತವಾದ ಸ್ಟೈಲ್ನೆಸೆಟ್ ಸ್ಮಾರಕ. ಹದಿನೇಳನೆಯ ಶತಮಾನದಲ್ಲಿ ಆ ಸೀಮೆಯಲ್ಲಿ ಮಾಟದ ಆರೋಪಕ್ಕೆ ಗುರಿಯಾಗಿ ಮಡಿದ 91 ಮಂದಿಯ ನೆನಪಿಗೆ ಅದನ್ನು ಕಟ್ಟಲಾಗಿದೆ. ಅವರಲ್ಲಿ 77 ಮಂದಿ ಹೆಂಗಸರು. ವಾಸ್ತುಶಿಲ್ಪಿ ಪೀಟರ್ ಝುಮ್ಟೋರ್ ಅವರು ರಚಿಸಿದ ನೀಳವಾದ ಮೊಗಸಾಲೆಯಲ್ಲಿ ಮಡಿದವರಲ್ಲಿ ಒಬ್ಬೊಬ್ಬರಿಗೂ ಒಂದು ಕಿಟಕಿ, ಒಂದು ದೀಪ. ಪಕ್ಕದಲ್ಲಿ ನ್ಯಾಯಾಲಯದ ಕಡತಗಳನ್ನು ಆಧರಿಸಿದ ಬರೆಹ. ಕಡತಗಳನ್ನು ಶೋಧಿಸಿ ಆ ಬರೆಹವನ್ನು ಸಿದ್ಧಪಡಿಸಿದವರು ಇತಿಹಾಸಜ್ಞೆ ಲಿವ್ ಹೆಲೆನೆ ವಿಲ್ಲುಮ್ಸೆನ್. ಮತ್ತೊಂದು ಕೋಣೆಯಲ್ಲಿ ಶಿಲ್ಪಿ ಲೂಯಿಸ್ ಬೂರ್ಜ್ವಾ ಅವರ ಕಲ್ಪನೆಯಂತೆ ಕುರ್ಚಿಯೊಂದು ಉರಿಯುತ್ತಿರುತ್ತದೆ. ಸುತ್ತಲೂ ದೊಡ್ಡ ಕನ್ನಡಿಗಳು ಅದನ್ನು ನೋಡುತ್ತ ನಿಂತಿವೆ. ಉರಿಯುವ ಕುರ್ಚಿ ಕಲ್ಪನೆ. ಹೆಸರು ಮತ್ತು ಕಡತ ವಾಸ್ತವ. ಎರಡನ್ನೂ ಬೆರೆಸದೆ ಅಕ್ಕಪಕ್ಕದಲ್ಲಿ ಇರಿಸಿರುವುದೇ ಆ ಕೃತಿಯ ಔಚಿತ್ಯ.

ಇಂಥ ವಾಸವೊಂದು ನಮ್ಮ ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಬುಡದಲ್ಲಿ ನಡೆಯುವುದಾದರೆ ಕಲಾವಿದರ ಮುಂದೆ ನಾವು ಯಾವ ಸಾಮಗ್ರಿಯನ್ನು ಇಡಬಲ್ಲೆವು? ಈ ಪ್ರಶ್ನೆ ವಿನೋದಕ್ಕಾಗಿ ಕೇಳಿದುದಲ್ಲ. ಹೊರಗಿನ ಅಚ್ಚನ್ನು ತಂದು ನಮ್ಮ ಮಣ್ಣಿನ ಮೇಲೆ ಒತ್ತುವುದು ಸುಲಭ. ಬೆಟ್ಟದ ಮೇಲಿನ ಉಗ್ರದೇವತೆಯನ್ನೇ ಮಾಟಗಾತಿಯೆಂದು ಚಿತ್ರಿಸಿ ಅದನ್ನು ಹೊಸ ದೃಷ್ಟಿಯೆಂದು ಮೆರೆಸುವುದೂ ಅಸಾಧ್ಯವಲ್ಲ. ಹಾಗೆ ಮಾಡಿದರೆ ದೇವಿಯ ಅರ್ಥವೂ ಕೆಡುತ್ತದೆ, ಮಡಿದ ಆ ಹೆಂಗಸರ ನೋವೂ ಅಗ್ಗವಾಗುತ್ತದೆ. ನಮ್ಮ ನಾಡಿನಲ್ಲಿ ಈ ವಸ್ತುವಿಗೆ ನಿಜವಾಗಿ ಹತ್ತಿರವಾದುದು ತಲಕಾಡಿನ ಶಾಪದ ಐತಿಹ್ಯ. ಅದನ್ನು ಪವಾಡವೆಂದಾಗಲಿ ಮೂಢನಂಬಿಕೆಯೆಂದಾಗಲಿ ಕಾಣದೆ, ವಿಚಾರಣೆಯೇ ದೊರೆಯದೆ ಉಳಿದುಹೋದ ಒಂದು ದೂರು ಎಂದು ಓದಬೇಕು ಎಂಬುದು ಪ್ರಕೃತ ಲೇಖನದ ಪ್ರತಿಪಾದನೆ.

2

ಮೊದಲು ಕಾಲವನ್ನು ಗಮನಿಸೋಣ. ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡದ್ದು 1610ರಲ್ಲಿ. ಐತಿಹ್ಯದಲ್ಲಿ ಶ್ರೀರಂಗರಾಯನೆಂದು ಕರೆಯಲ್ಪಡುವ ಆ ಪ್ರತಿನಿಧಿಯ ರಾಣಿ ಕಾವೇರಿಯ ಮಡುವಿಗೆ ಹಾರಿದ ಕಥೆ ಈ ಘಟನೆಗೆ ಹೊಂದಿಕೊಂಡಿದೆ. ಅದೇ ಕಾಲಕ್ಕೆ, 1612ರ ಆಗಸ್ಟ್ ತಿಂಗಳಲ್ಲಿ, ಇಂಗ್ಲೆಂಡಿನ ಲ್ಯಾಂಕಾಸ್ಟರ್ ಕೋಟೆಯಲ್ಲಿ ಪೆಂಡಲ್ ಸೀಮೆಯ ಮಾಟಗಾತಿಯರೆಂದು ಹೆಸರಾದವರ ವಿಚಾರಣೆ ನಡೆಯಿತು. ಆ ನ್ಯಾಯಸಭೆಯ ತೀರ್ಪಿನಂತೆ ಹತ್ತು ಮಂದಿಯನ್ನು ಗಲ್ಲಿಗೇರಿಸಿದರು. ನ್ಯಾಯಾಲಯದ ಗುಮಾಸ್ತನಾಗಿದ್ದ ಥಾಮಸ್ ಪಾಟ್ಸ್ ಎಂಬವನು ವಿಚಾರಣೆಯ ವರದಿಯನ್ನು ಬರೆದು 1613ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು.

ಪೆಂಡಲ್ ಪ್ರಕರಣದ ಮೂಲದಲ್ಲಿರುವುದೂ ಒಂದು ಶಾಪವೇ. ಅಲಿಜನ್ ಡಿವೈಸ್ ಎಂಬ ಬಡ ಹುಡುಗಿ ದಾರಿಯಲ್ಲಿ ಎದುರಾದ ಮಲಾರದವನಲ್ಲಿ ಗುಂಡುಸೂಜಿಗಳನ್ನು ಕೇಳಿದಳು, ಅವನು ಕೊಡಲಿಲ್ಲ, ಅವಳು ಶಪಿಸಿದಳು, ಅವನು ಕುಸಿದು ಬಿದ್ದನು. ಅಲ್ಲಿಂದ ಹೊತ್ತಿದ ಕಿಡಿ ಅವಳನ್ನೂ ಅವಳ ತಾಯಿಯನ್ನೂ ನೆರೆಹೊರೆಯವರನ್ನೂ ಸುಟ್ಟಿತು. ಒಂಬತ್ತು ವರ್ಷದ ಆಸುಪಾಸಿನಲ್ಲಿದ್ದ ತಂಗಿ ಜೆನೆಟ್ ನ್ಯಾಯಾಲಯದಲ್ಲಿ ಹೆತ್ತ ತಾಯಿಯ ವಿರುದ್ಧವೇ ಸಾಕ್ಷಿ ನುಡಿದಳು. ಇತಿಹಾಸಕಾರ ಕೀತ್ ಥಾಮಸ್ ಅವರು 1971ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇಂಥ ಪ್ರಕರಣಗಳ ಒಳಗುಟ್ಟನ್ನು ತೋರಿಸಿಕೊಟ್ಟಿರುವರು. ಬೇಡಿ ಬಂದವಳಿಗೆ ಇಲ್ಲವೆಂದು ಬಾಗಿಲು ಮುಚ್ಚಿದವನ ಮನಸ್ಸಿನಲ್ಲಿ ಒಂದು ಅಳುಕು ಉಳಿಯುತ್ತದೆ. ಆಮೇಲೆ ಮನೆಯಲ್ಲಿ ಕೇಡು ಸಂಭವಿಸಿದರೆ ಆ ಅಳುಕೇ ಆರೋಪವಾಗಿ ತಿರುಗುತ್ತದೆ. ಬೇರೆ ಯಾವ ಬಲವೂ ಇಲ್ಲದವರ ಕೊನೆಯ ಆಯುಧ ಶಾಪ.

ಈ ಮಾತು ನಮಗೆ ಅಪರಿಚಿತವಲ್ಲ. ಅನ್ಯಾಯಕ್ಕೆ ಸಿಕ್ಕಿದ ಹೆಂಗಸು ಹಿಡಿ ಮಣ್ಣು ತೂರಿ ಶಾಪ ಹಾಕುವುದನ್ನು ನಮ್ಮ ಹಳ್ಳಿಗಳು ಬಲ್ಲವು. ಹೆಣ್ಣಿನ ಕಣ್ಣೀರು ಬಿದ್ದ ಮನೆ ಏಳಿಗೆಯಾಗದೆಂಬ ನಂಬಿಕೆಯೂ ನಮ್ಮಲ್ಲಿದೆ. ಪಂಚಾಯಿತಿಯ ಕಟ್ಟೆಯಲ್ಲಿ ಕುಳಿತು ಮಾತನಾಡುವ ಅಧಿಕಾರವಿಲ್ಲದವಳಿಗೆ ಬೀದಿಯ ನಡುವೆ ನಿಂತು ಶಪಿಸುವ ಅಧಿಕಾರವೊಂದನ್ನು ಲೋಕ ಬಿಟ್ಟುಕೊಟ್ಟಿತ್ತು. ಹೀಗಿರಲಾಗಿ ಪೆಂಡಲಿನ ಶಾಪವನ್ನೂ ತಲಕಾಡಿನ ಶಾಪವನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡುವುದು ಅನುಚಿತವಾಗಲಾರದು. ವ್ಯತ್ಯಾಸವಿರುವುದು ಪರಿಣಾಮದಲ್ಲಿ. ಅಲ್ಲಿ ಶಪಿಸಿದವಳನ್ನು ಗಲ್ಲಿಗೇರಿಸಿ ಅವಳ ಮಾತನ್ನು ಬರೆದಿಟ್ಟರು. ಇಲ್ಲಿ ಶಪಿಸಿದವಳನ್ನು ಪೂಜಿಸಿದರು. ಅವಳ ಅಹವಾಲನ್ನು ಮಾತ್ರ ಯಾರೂ ಬರೆದಿಡಲಿಲ್ಲ.

3

ಐತಿಹ್ಯಕ್ಕೆ ಎರಡು ಮುಖ್ಯ ಪಾಠಗಳಿವೆ. ಅವುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳದೆ ಒಂದು ಮಾಡಿ ಹೇಳುವುದು ರೂಢಿಯಾಗಿದೆ; ವಿಮರ್ಶೆಯ ದೃಷ್ಟಿಯಿಂದ ನಷ್ಟವಾಗುವುದು ಅಲ್ಲಿಯೇ.

ಮೈಸೂರು ಸೀಮೆಯಲ್ಲಿ ಹೆಚ್ಚು ಪ್ರಚಲಿತವಾಗಿರುವ ಪಾಠ ಹೀಗಿದೆ. ಬೆನ್ನಿನ ಹುಣ್ಣಿನಿಂದ ನರಳುತ್ತಿದ್ದ ರಾಯನು ತಲಕಾಡಿಗೆ ಬಂದು ಅಲ್ಲಿ ತೀರಿಕೊಂಡನು. ರಾಣಿ ಅಲಮೇಲಮ್ಮ ಹತ್ತಿರದ ಮಾಲಂಗಿಯಲ್ಲಿ ನೆಲೆಸಿದಳು. ಅವಳ ಒಡವೆಗಳನ್ನು ಮಂಗಳವಾರ ಶುಕ್ರವಾರಗಳಂದು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ತೊಡಿಸುವ ವಾಡಿಕೆಯಿತ್ತು. ಆ ಒಡವೆಗಳು ದೇವಿಗೇ ಸೇರತಕ್ಕವು ಎಂಬ ಅರಿಕೆ ದೊರೆಯವರೆಗೆ ಹೋಯಿತು. ದೊರೆ ಹೇಳಿಕಳುಹಿಸಿದನು, ಅವಳು ಮುತ್ತಿನ ಮೂಗುತಿಯೊಂದನ್ನು ಕೊಟ್ಟು ಉಳಿದುದನ್ನು ಕೊಡಲು ಒಪ್ಪಲಿಲ್ಲ. ಆಳುಗಳು ಬೆನ್ನಟ್ಟಿ ಬಂದಾಗ ಒಡವೆಗಳನ್ನು ಮಡಿಲಿಗೆ ಕಟ್ಟಿಕೊಂಡು ಕಾವೇರಿಗೆ ಹಾರಿದಳು. ಹಾರುವ ಮುನ್ನ, ತಲಕಾಡು ಮರಳಿನಲ್ಲಿ ಮುಚ್ಚಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರಿನ ದೊರೆಗಳಿಗೆ ಸಂತಾನವಿಲ್ಲವಾಗಲೆಂದೂ ನುಡಿದಳು.

ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿರುವ ಪಾಠ ಇದಕ್ಕಿಂತ ಭಿನ್ನ. ಅಲ್ಲಿ ರಾಣಿಯ ಹೆಸರು ರಂಗಮ್ಮ. ಗಂಡನು ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಹೋದಾಗ ಶ್ರೀರಂಗಪಟ್ಟಣದ ಆಡಳಿತ ಅವಳ ಕೈಯಲ್ಲಿತ್ತು. ಗಂಡನು ಸಾಯುವ ಸ್ಥಿತಿಯಲ್ಲಿರುವನೆಂದು ಕೇಳಿ ಪಟ್ಟಣವನ್ನು ಮೈಸೂರಿನ ಅರಸನಿಗೆ ಒಪ್ಪಿಸಿ ಹೊರಟಳು. ಅವಳ ಬೆಲೆಬಾಳುವ ಮೂಗಿನ ಒಡವೆಯ ಮೇಲೆ ಅರಸನಿಗೆ ಆಸೆ. ಉಪಾಯದಿಂದ ಅದು ಕೈಸೇರದೆ ಹೋದಾಗ ನೆಪ ಹುಡುಕಿ ದಂಡೆತ್ತಿ ಹೋದನು. ಅವಳು ಒಡವೆಯನ್ನು ನದಿಗೆ ಎಸೆದು, ಶಪಿಸಿ, ತಾನೂ ಮುಳುಗಿದಳು.

ಹೆಸರಿನ ವ್ಯತ್ಯಾಸ ಇಲ್ಲಿ ಮುಖ್ಯವಲ್ಲ. ಎರಡು ಪಾಠಗಳಲ್ಲಿ ಆರೋಪಿ ಬದಲಾಗಿರುವುದು ಮುಖ್ಯ. ಮೊದಲನೆಯದರಲ್ಲಿ ದೇವಸ್ಥಾನದ ಆಸ್ತಿಯನ್ನು ಹಿಡಿದಿಟ್ಟುಕೊಂಡವಳು ರಾಣಿ. ದೊರೆ ದೇವಿಯ ಪರವಾಗಿ ನಿಂತ ಧರ್ಮಪಾಲಕ. ಎರಡನೆಯದರಲ್ಲಿ ಪರರ ವಸ್ತುವಿಗೆ ಕೈಚಾಚಿದವನು ದೊರೆ. ರಾಣಿ ತನ್ನದನ್ನು ಉಳಿಸಿಕೊಳ್ಳಲು ಹೋರಾಡಿದವಳು. ನ್ಯಾಯಸ್ಥಾನದ ಮಾತಿನಲ್ಲಿ ಹೇಳುವುದಾದರೆ ಒಂದು ಫಿರ್ಯಾದಿ, ಇನ್ನೊಂದು ಪ್ರತಿವಾದ. ವಿಚಾರಣೆ ನಡೆಯಲೇ ಇಲ್ಲವಾದರೂ ಉಭಯ ಪಕ್ಷಗಳ ಹೇಳಿಕೆಗಳು ಜನರ ಬಾಯಲ್ಲಿ ನಾಲ್ಕು ಶತಮಾನ ಉಳಿದುಬಂದಿವೆ. ಐತಿಹ್ಯವನ್ನು ಕೇವಲ ಕಟ್ಟುಕಥೆಯೆಂದು ತಳ್ಳಿಹಾಕುವವರು ಈ ಸೂಕ್ಷ್ಮವನ್ನು ಕಾಣಲಾರರು; ಅದನ್ನು ಅಕ್ಷರಶಃ ನಂಬುವವರೂ ಕಾಣಲಾರರು.

ಇಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆ ಸ್ಪಷ್ಟವಾಗಿದೆ: ಒಡವೆ ಯಾರದು? ದೇವಿಗೆ ವಾರಕ್ಕೆರಡು ಬಾರಿ ತೊಡಿಸಿದ ಮಾತ್ರಕ್ಕೆ ಅದು ದೇವಿಯದಾಯಿತೆ, ಅಥವಾ ಎರವಲಾಗಿ ಕೊಟ್ಟವಳಲ್ಲಿಯೇ ಸ್ವತ್ತು ಉಳಿಯಿತೆ? ಈ ಪ್ರಶ್ನೆಯನ್ನು ವಿಚಾರಿಸಲು ಆ ಕಾಲದಲ್ಲಿ ಶಾಸ್ತ್ರವಿರಲಿಲ್ಲವೆಂದು ಹೇಳುವಂತಿಲ್ಲ. ಸ್ತ್ರೀಧನವೆಂಬ ಕಲ್ಪನೆ ಧರ್ಮಶಾಸ್ತ್ರದಲ್ಲಿ ಪ್ರಾಚೀನವಾದುದು. ಅದಕ್ಕೆ ಅತಿ ವಿಶಾಲವಾದ ಅರ್ಥವನ್ನು ಕೊಟ್ಟ ಮಿತಾಕ್ಷರಾ ವ್ಯಾಖ್ಯಾನ ಹುಟ್ಟಿದ್ದು ಕನ್ನಡ ನೆಲದಲ್ಲಿಯೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಅದನ್ನು ರಚಿಸಿದನು. ಮಾಲಂಗಿಯ ಘಟನೆಗೆ ಐನೂರು ವರ್ಷ ಮೊದಲೇ ಹೆಣ್ಣಿನ ಸ್ವತ್ತನ್ನು ಕುರಿತ ನ್ಯಾಯಚಿಂತನೆ ನಮ್ಮಲ್ಲಿ ಬೆಳೆದಿತ್ತು. ಕೊರತೆಯಾದುದು ಶಾಸ್ತ್ರಕ್ಕಲ್ಲ; ಶಾಸ್ತ್ರವನ್ನು ಎತ್ತಿ ಹೇಳಿ ವಾದಿಸುವ ಒಂದು ಸ್ಥಾನಕ್ಕೆ. ಎದುರಾಳಿಯೇ ಅರಸನಾದಾಗ ಅಹವಾಲನ್ನು ಯಾರ ಮುಂದೆ ಹೇಳುವುದು? ಅರಸನ ಮೇಲಿನ ನ್ಯಾಯಸ್ಥಾನ ಇಲ್ಲದೆಡೆಯಲ್ಲಿ ಆ ಹೆಣ್ಣು ನದಿಯನ್ನೂ ಮರಳನ್ನೂ ಕಾಲವನ್ನೂ ನ್ಯಾಯಾಧಿಪತಿಗಳನ್ನಾಗಿ ಮಾಡಿಕೊಂಡಳು. ಶಾಪವೆಂದರೆ ಕೆಳಗಿನ ನ್ಯಾಯಸ್ಥಾನ ಮುಚ್ಚಿದಾಗ ಮೇಲಿನದಕ್ಕೆ ಮಾಡಿಕೊಂಡ ಮನವಿ.

4

ಶಾಪದ ಮೂರು ಅಂಗಗಳು ಸಮನಾದವುಗಳಲ್ಲ. ದೊರೆಗಳಿಗೆ ಸಂತಾನವಿಲ್ಲವಾಗಲೆಂಬುದು ಅಪರಾಧಿಗೆ ವಿಧಿಸಿದ ದಂಡನೆ. ಅದರಲ್ಲಿಯೂ ಹುಟ್ಟಲಿರುವ ಪೀಳಿಗೆಗಳು ಅಜ್ಜನ ತಪ್ಪಿಗೆ ತೆರುವ ಅನ್ಯಾಯವಿದೆ. ಆದರೆ ತಲಕಾಡು ಮಾಡಿದ ತಪ್ಪೇನು? ಗಂಗರ ಕಾಲದಿಂದ ಹೆಸರಾದ ಆ ಪಟ್ಟಣದ ಒಕ್ಕಲಿಗನೋ ಪೂಜಾರಿಯೋ ಒಡವೆಯನ್ನು ಕೇಳಿರಲಿಲ್ಲ. ಗಂಡನ ಕೊನೆಗಾಲದಲ್ಲಿ ಎಡೆಕೊಟ್ಟ ಊರನ್ನೇ ಶಪಿಸಿದುದನ್ನು ನಾವು ನ್ಯಾಯವೆನ್ನಲಾರೆವು. ತಾನು ಅಟ್ಟಿಸಿಕೊಂಡು ಹೋದಾಗ ಸುಮ್ಮನೆ ನಿಂತು ನೋಡಿದ ಊರು ಎಂಬ ಸಂಕಟ ಆ ಮಾತಿನಲ್ಲಿರಬಹುದು, ಅಷ್ಟು ಹೇಳಬಹುದು. ದೂರನ್ನು ಕೇಳದೆ ಬಿಟ್ಟರೆ ಅದು ಶಾಪವಾಗುತ್ತದೆ. ಶಾಪಕ್ಕೆ ತಾರತಮ್ಯ ತಿಳಿಯದು. ನ್ಯಾಯಸ್ಥಾನದ ಅಗತ್ಯವನ್ನು ಶಾಪದ ಈ ಕುರುಡೇ ಸಾರಿ ಹೇಳುತ್ತದೆ.

ಮುಂದಿನ ಕಾಲದವರು ಐತಿಹ್ಯಕ್ಕೆ ಹಾಕಿದ ಪ್ರಶ್ನೆ ಬೇರೆಯೇ. ಶಾಪ ಫಲಿಸಿತೆ ಎಂಬುದೊಂದೇ ಅವರ ಕುತೂಹಲ. ತಲಕಾಡಿನ ಮರಳಿಗೆ ಭೌತಿಕ ಕಾರಣಗಳನ್ನು ವಿದ್ವಾಂಸರು ಮುಂದಿಟ್ಟಿರುವರು: ಕಾವೇರಿ ಅಲ್ಲಿ ಬಾಗಿ ಹರಿಯುವುದು, ಮಾಧವಮಂತ್ರಿಯ ಅಣೆಕಟ್ಟಿನಿಂದ ಹರಿವು ಬದಲಾದುದು, ಬಯಲಾದ ಮರಳನ್ನು ಗಾಳಿ ಊರಿನ ಕಡೆಗೆ ತಳ್ಳಿದುದು. ಸಂತಾನದ ವಿಷಯಕ್ಕೆ ಬಂದರೆ, ರಾಜ ಒಡೆಯರ ನಂತರದ ವಂಶಾವಳಿಯಲ್ಲಿ ತಂದೆಯಿಂದ ಮಗನಿಗೆ ಪಟ್ಟ ಬಂದ ನಿದರ್ಶನಗಳೂ ಇವೆ, ದತ್ತಕದ ನಿದರ್ಶನಗಳೂ ಇವೆ. ಚಿಕ್ಕದೇವರಾಜ ಒಡೆಯರ ತರುವಾಯ ಅವರ ಮಗನೇ ಪಟ್ಟಕ್ಕೆ ಬಂದನು. ನಾಲ್ವಡಿ ಕೃಷ್ಣರಾಜ ಒಡೆಯರ ತರುವಾಯ ತಮ್ಮನ ಮಗ ಜಯಚಾಮರಾಜ ಒಡೆಯರು ಬಂದರು.

ದತ್ತಕವು ಮೈಸೂರಿನಲ್ಲಿ ಕೇವಲ ಮನೆಯ ಮಾತಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ಆ ದತ್ತಕವನ್ನು ಬ್ರಿಟಿಷರು ಮನ್ನಿಸುವರೋ ಇಲ್ಲವೋ ಎಂಬುದರ ಮೇಲೆ ರಾಜ್ಯದ ಅಳಿವು ಉಳಿವು ನಿಂತಿತ್ತು. ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ರೈಸರ ಗೆಜೆಟಿಯರು ಮೊದಲು ಪ್ರಕಟವಾದ 1877 ಈ ಎರಡು ವರ್ಷಗಳ ನಡುವೆ ಬರುತ್ತದೆ. ಸಂತಾನವೇ ರಾಜಕೀಯದ ಪ್ರಶ್ನೆಯಾಗಿದ್ದ ಕಾಲದಲ್ಲಿ ಸಂತಾನವಿಲ್ಲವಾಗಲೆಂಬ ಮಾತಿಗೆ ಹೊಸ ಮೊನೆ ಬಂದಿತೆಂದು ಊಹಿಸುವುದು ತಪ್ಪಾಗದು. ಈಚೆಗೆ, 2017ರ ಡಿಸೆಂಬರಿನಲ್ಲಿ ರಾಜಮನೆತನದಲ್ಲಿ ಮಗು ಹುಟ್ಟಿದಾಗ ನಾಲ್ಕು ಶತಮಾನದ ಶಾಪ ವಿಮೋಚನೆಯಾಯಿತೆಂದು ಪತ್ರಿಕೆಗಳು ಬರೆದವು. ಮಗು ಹುಟ್ಟಿದ್ದು ಸಂತೋಷದ ವಿಷಯ. ಆದರೆ ಒಡವೆ ಯಾರದೆಂಬ ಪ್ರಶ್ನೆ ಆ ಹುಟ್ಟಿನಿಂದ ಇತ್ಯರ್ಥವಾಗಲಿಲ್ಲ. ಶಾಪ ಮುಗಿಯಿತೆಂದು ಸಾರುವಾಗ ದೂರು ಮತ್ತೊಮ್ಮೆ ಮರೆಯಾಗುತ್ತದೆ.

ಅಲಮೇಲಮ್ಮನ ವಿಗ್ರಹಕ್ಕೆ ಅರಮನೆಯಲ್ಲಿ ನವರಾತ್ರಿಯ ಕಾಲದಲ್ಲಿ ಪೂಜೆ ಸಲ್ಲುವುದು ಪ್ರಸಿದ್ಧವಾದ ಸಂಗತಿ. ಈ ಪೂಜೆಯಲ್ಲಿ ಪಶ್ಚಾತ್ತಾಪವಿದೆ, ಭಯವಿದೆ, ಗೌರವವೂ ಇದೆ. ಹಾನಿಗೊಳಗಾದವಳನ್ನು ಮರೆಯದೆ ಮನೆಯೊಳಗೆ ಇರಿಸಿಕೊಂಡದ್ದನ್ನು ನಾವು ಹಗುರವಾಗಿ ಕಾಣಬಾರದು. ಇಂಥ ನಡೆವಳಿ ಎಲ್ಲ ರಾಜಮನೆತನಗಳಲ್ಲಿಯೂ ಕಾಣುವುದಿಲ್ಲ. ಆದರೂ ಪೂಜೆ ಬೇರೆ, ನ್ಯಾಯ ಬೇರೆ. ದೇವತೆಯಾದವಳಿಗೆ ಹೂವು, ನೈವೇದ್ಯ, ಆರತಿ ಸಲ್ಲುತ್ತವೆ, ಉತ್ತರ ಸಲ್ಲುವುದಿಲ್ಲ. ಮನುಷ್ಯಳಾಗಿ ಅವಳು ಕೇಳಿದುದು ಆರತಿಯಲ್ಲ, ತನ್ನ ಸ್ವತ್ತನ್ನು ಕುರಿತ ಒಂದು ಮಾತು.

5

ಈಗ ಬೆಟ್ಟದ ಕಡೆಗೆ ತಿರುಗಬಹುದು. ಅಲಮೇಲಮ್ಮನನ್ನು ಒಳಗೆ ಇರಿಸಿಕೊಂಡ ಅದೇ ಮನೆತನಕ್ಕೆ ಚಾಮುಂಡೇಶ್ವರಿ ಕುಲದೇವತೆ. ದೊಡ್ಡದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿ ನಡುದಾರಿಯಲ್ಲಿ ದೊಡ್ಡ ನಂದಿಯನ್ನು ನಿಲ್ಲಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಗೋಪುರವನ್ನು ಕಟ್ಟಿಸಿದರು. ಅವರೂ ಅವರ ಮೂವರು ರಾಣಿಯರೂ ಕೈಮುಗಿದು ನಿಂತಿರುವ ಪ್ರತಿಮೆಗಳು ದೇವಾಲಯದೊಳಗಿವೆ. ಬೆಟ್ಟದಲ್ಲಿ ದೊರೆ ಭಕ್ತ. ದೇವಿಯ ಉಗ್ರತೆ ಅವನ ಆಳ್ವಿಕೆಗೆ ರಕ್ಷೆ. ಮಹಿಷನನ್ನು ಕೊಂದವಳ ವಿಜಯ ನವರಾತ್ರಿಯಲ್ಲಿ ರಾಜ್ಯದ ವಿಜಯವಾಗುತ್ತದೆ.

ಒಂದೇ ಹಬ್ಬದಲ್ಲಿ ಎರಡು ಸ್ತ್ರೀಶಕ್ತಿಗಳಿಗೆ ಪೂಜೆ ಸಲ್ಲುವುದನ್ನು ನಾವು ಜೊತೆಯಾಗಿ ನೋಡಬೇಕು. ಬೆಟ್ಟದವಳ ಕೋಪ ದೊರೆಯ ಶತ್ರುವಿನ ಮೇಲೆ. ಮಾಲಂಗಿಯವಳ ಕೋಪ ದೊರೆಯ ಮೇಲೆ. ಮೊದಲನೆಯದನ್ನು ಆನೆಯ ಮೇಲೆ ಅಂಬಾರಿಯಲ್ಲಿ ಕೂರಿಸಿ ಊರೆಲ್ಲ ಮೆರೆಸುವರು; ಎರಡನೆಯದನ್ನು ಒಳಮನೆಯಲ್ಲಿ ಸಮಾಧಾನಪಡಿಸುವರು. ಹೆಣ್ಣಿನ ಕೋಪವನ್ನು ನಮ್ಮ ಸಂಸ್ಕೃತಿ ಹೆದರಿ ದೂರವಿಟ್ಟಿತೆಂಬ ಮಾತು ಅಪೂರ್ಣ. ಅಧಿಕಾರಕ್ಕೆ ಒದಗುವ ಕೋಪವನ್ನು ಅದು ಹಾಡಿಹೊಗಳಿತು. ಅಧಿಕಾರವನ್ನು ಪ್ರಶ್ನಿಸುವ ಕೋಪವನ್ನು ಪೂಜೆಯಿಂದ ಶಮನಗೊಳಿಸಿತು ಎಂದರೆ ಮಾತು ಪೂರ್ಣವಾಗುತ್ತದೆ.

ಚಾಮುಂಡಿ ಬೆಟ್ಟ ಜನಸಾಮಾನ್ಯರಿಗೆ ಇನ್ನೊಂದು ಬಗೆಯಲ್ಲಿಯೂ ನ್ಯಾಯಸ್ಥಾನ. ಮಾತಿಗೆ ಮಾತು ಬೆಳೆದಾಗ ‘ಬೆಟ್ಟಕ್ಕೆ ಬಂದು ಆಣೆ ಮಾಡು’ ಎಂಬ ಸವಾಲು ಈ ಸೀಮೆಯಲ್ಲಿ ಕೇಳಿಬರುತ್ತದೆ. 2019ರಲ್ಲಿ ರಾಜಕೀಯ ನಾಯಕರೇ ಪರಸ್ಪರ ಇಂಥ ಸವಾಲು ಹಾಕಿ ಬೆಟ್ಟ ಹತ್ತಿದ್ದನ್ನು ನಾಡು ನೋಡಿತು. ಆಣೆಯೆಂಬುದು ದೇವರ ಎದುರು ನಡೆಯುವ ವಿಚಾರಣೆ. ಗಂಡಸಿಗೆ ಅದು ಮಾತಿನ ಪರೀಕ್ಷೆ. ಹೆಣ್ಣಿಗೆ ಬಹುಮಟ್ಟಿಗೆ ಶೀಲದ ಪರೀಕ್ಷೆಯಾಗಿ ಬಂದಿದೆ. ಇದನ್ನು ನಮ್ಮ ಜನಪದ ಕವಿಗಳು ಎಷ್ಟು ಆಳವಾಗಿ ಅರಿತಿದ್ದರೆಂಬುದಕ್ಕೆ ಮಲೆಮಾದೇಶ್ವರ ಕಾವ್ಯದ ಸಂಕಮ್ಮನ ಸಾಲು ಸಾಕ್ಷಿ. ಕಂಸಾಳೆಯವರು ಇಂದಿಗೂ ಹಾಡುವ ಈ ಸಾಲಿನಲ್ಲಿ ಸೋಲಿಗರ ನೀಲೇಗೌಡನು ಜೇನಿಗಾಗಿ ಕಾಡಿಗೆ ಹೊರಟಾಗ, ತಾನಿಲ್ಲದಾಗ ಶೀಲಗೆಡುವುದಿಲ್ಲವೆಂದು ಭಾಷೆ ಕೊಡುವಂತೆ ಹೆಂಡತಿ ಸಂಕಮ್ಮನನ್ನು ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅವನು ಹಿಂಸಿಸುತ್ತಾನೆ, ಕಾಡಿನ ಗುಡಿಸಲಲ್ಲಿ ಕೂಡಿಹಾಕುತ್ತಾನೆ, ಆದರೂ ಕೊಡುವುದಿಲ್ಲ.

ಸಂಕಮ್ಮ ಶುದ್ಧಳಾಗಿದ್ದೂ ಏಕೆ ಭಾಷೆ ಕೊಡಲಿಲ್ಲ? ಭಾಷೆ ಕೊಡುವುದೆಂದರೆ ಅನುಮಾನಿಸುವ ಅಧಿಕಾರ ಗಂಡನಿಗೆ ಉಂಟೆಂದು ಒಪ್ಪಿಕೊಂಡಂತೆ. ಅವಳ ನಿರಾಕರಣೆ ಆರೋಪಕ್ಕೆ ಕೊಟ್ಟ ಉತ್ತರವಲ್ಲ. ಆರೋಪಿಸುವ ಅಧಿಕಾರಕ್ಕೇ ಹಾಕಿದ ತಡೆ. ಲ್ಯಾಂಕಾಸ್ಟರಿನ ಹೆಂಗಸರಿಂದ ತಪ್ಪೊಪ್ಪಿಗೆಯ ಮಾತನ್ನು ಹೊರಡಿಸಿದರು. ಆ ಮಾತೇ ಅವರಿಗೆ ನೇಣಾಯಿತು. ಸಂಕಮ್ಮ ಮಾತನ್ನೇ ಕೊಡದೆ ಉಳಿದಳು. ಅಲಮೇಲಮ್ಮ ಕೇಳುವವರಿಲ್ಲದೆಡೆ ಮಾತಾಡಿ ಮುಳುಗಿದಳು. ವಿಚಾರಣೆಗೊಳಗಾದ ಹೆಣ್ಣಿಗೆ ಮಾತು ಹೇಗೆ ಬಲೆಯೂ ಆಯುಧವೂ ಆಗುತ್ತದೆಂಬುದನ್ನು ಈ ಮೂರು ನಿದರ್ಶನಗಳು ಕೂಡಿ ತೋರಿಸುತ್ತವೆ. ಸಂಕಮ್ಮನ ಸಂಕಟವನ್ನು ಮಾದೇಶ್ವರನು ಬಂದು ಪರಿಹರಿಸಿ ಅವಳಿಗೆ ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳನ್ನು ಕರುಣಿಸುತ್ತಾನೆ. ಕಾವ್ಯ ಅಲ್ಲಿ ಭಕ್ತಿಯ ದಾರಿ ಹಿಡಿಯುತ್ತದೆ. ಆದರೆ ಕೇಳುಗರ ಮನಸ್ಸಿನಲ್ಲಿ ನಿಲ್ಲುವುದು ವರಕ್ಕಿಂತ ಮೊದಲಿನ ಆ ನಿರಾಕರಣೆ.

6

ನಮ್ಮ ವಾದಕ್ಕೆ ಒಂದು ಆಕ್ಷೇಪ ಬರಬಹುದು. ಶಪಿಸಿದವಳನ್ನು ಗಲ್ಲಿಗೇರಿಸಿದ ನಾಡಿಗಿಂತ ಪೂಜಿಸಿದ ನಾಡು ಮೇಲಲ್ಲವೆ? ಸುಟ್ಟವರ ತಪ್ಪನ್ನೂ ಕೈಮುಗಿದವರ ತಪ್ಪನ್ನೂ ಸಮವಾಗಿ ತೂಗಬಹುದೆ? ಈ ಆಕ್ಷೇಪದಲ್ಲಿ ಬಲವಿದೆ. ಹಿಂಸೆಯ ಪ್ರಮಾಣವನ್ನು ನೋಡಿದರೆ ಎರಡೂ ಸಮವಲ್ಲ. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಪೂಜೆ ಸಂದದ್ದು ರಾಣಿಗೆ. ಬೀದರ ಕಲಬುರ್ಗಿ ಸೀಮೆಗಳಲ್ಲಿ ಬಾನಾಮತಿಯ ಹೆಸರಿನಲ್ಲಿ, ಇತರೆಡೆಗಳಲ್ಲಿ ಮಾಟ ಮದ್ದಿನ ಹೆಸರಿನಲ್ಲಿ ಆರೋಪಕ್ಕೆ ಸಿಕ್ಕಿದ ಬಡವರಿಗೆ ದೊರೆತದ್ದು ಪೂಜೆಯಲ್ಲ, ಹೊಡೆತ ಮತ್ತು ಬಹಿಷ್ಕಾರ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕ 2017ರಲ್ಲಿ ಶಾಸನ ಮಾಡಬೇಕಾಯಿತು. ಅದು ಜಾರಿಗೆ ಬಂದದ್ದು 2020ರಲ್ಲಿ. ಇದು ಮುಗಿದುಹೋದ ಕಾಲದ ಮಾತಲ್ಲ.

ಎರಡನೆಯದು ದಾಖಲೆಗೆ ಸಂಬಂಧಿಸಿದುದು. ಯೂರೋಪಿನ ನ್ಯಾಯಸ್ಥಾನಗಳು ಕ್ರೂರವಾಗಿದ್ದವು, ಆದರೆ ಬರೆದಿಟ್ಟವು. ಖಗೋಳಜ್ಞ ಕೆಪ್ಲರನ ತಾಯಿ ಕತರೀನಳ ಮೇಲೆ 1615ರಲ್ಲಿ ಮಾಟದ ಆರೋಪ ಬಂದಾಗ ಮಗನೇ ಅವಳ ಪರವಾಗಿ ಲಿಖಿತ ವಾದ ಹೂಡಿದನು. 1621ರಲ್ಲಿ ಅವಳು ಬಿಡುಗಡೆ ಹೊಂದಿದಳು. ಬರೆಹವಿದ್ದುದರಿಂದ ಮರುವಿಚಾರಣೆ ಸಾಧ್ಯವಾಗಿದೆ. ಮಾಟದ ಕಾಯಿದೆಯಡಿಯಲ್ಲಿ ಶಿಕ್ಷೆಗೊಳಗಾದವರಿಗಾಗಿ ಸ್ಕಾಟ್ಲೆಂಡಿನ ಸರ್ಕಾರದ ಮುಖ್ಯಸ್ಥೆ 2022ರ ಮಾರ್ಚ್ 8ರಂದು ಕ್ಷಮೆ ಕೇಳಿದರು. ಕ್ಷಮೆ ಕೇಳಬೇಕಾದರೆ ತಪ್ಪನ್ನು ಹೆಸರಿಸಬೇಕು. ಪೂಜೆಗೆ ಆ ಕಷ್ಟವಿಲ್ಲ. ಐತಿಹ್ಯ ನಮಗೆ ಭಾವವನ್ನು ಉಳಿಸಿಕೊಟ್ಟಿತು, ಕಡತವನ್ನಲ್ಲ. ಆದಕಾರಣ ನಮ್ಮಲ್ಲಿ ಮರುವಿಚಾರಣೆಯ ಹೊಣೆ ಕವಿಗಳ, ಕಲಾವಿದರ, ವಿಮರ್ಶಕರ ಮೇಲೆ ಬಿದ್ದಿದೆ.

ಬೆಟ್ಟದ ಬುಡದಲ್ಲಿ ಕುಳಿತು ಈ ವಸ್ತುವನ್ನು ಕೈಗೆತ್ತಿಕೊಳ್ಳುವ ಕಲಾವಿದರಿಗೆ ನಮ್ಮ ಸೂಚನೆಗಳು ಇಷ್ಟೆ. ಮೊದಲನೆಯದಾಗಿ, ಅಲಮೇಲಮ್ಮನಿಗೆ ಮಾಟಗಾತಿಯ ವೇಷ ಬೇಡ. ಅವಳ ಮೇಲೆ ಆ ಆರೋಪ ಬಂದಿರಲಿಲ್ಲ. ಅವಳ ಮೇಲಿದ್ದುದು ಸ್ವತ್ತಿನ ಆರೋಪ. ಅದನ್ನು ಮುಚ್ಚಿ ಮಂತ್ರವನ್ನು ಮುಂದೊಡ್ಡಿದರೆ ಕಲೆಯೂ ಅರಮನೆಯ ಪೂಜೆಯ ಹಾದಿಯನ್ನೇ ಹಿಡಿದಂತಾಗುತ್ತದೆ. ಎರಡನೆಯದಾಗಿ, ಎರಡು ಪಾಠಗಳನ್ನು ಬೆಸೆಯದೆ ಎದುರುಬದುರಾಗಿ ಇಡಬೇಕು. ನೋಡುವವರು ತಾವೇ ನ್ಯಾಯಾಧಿಪತಿಗಳಾಗಿ ಯೋಚಿಸುವಂತಾಗಬೇಕು. ಮೂರನೆಯದಾಗಿ, ಕಡತವಿಲ್ಲದ ಹೆಣ್ಣಿನ ಬಾಯಲ್ಲಿ ನಮ್ಮ ಕಾಲದ ಘೋಷಣೆಗಳನ್ನು ಇಡುವ ಆತುರ ಸಲ್ಲದು. ವಾರ್ಡೋ ಸ್ಮಾರಕದಲ್ಲಿ ಪ್ರತಿ ದೀಪದ ಪಕ್ಕದಲ್ಲಿ ಬರೆಹವಿದೆ. ಮಾಲಂಗಿಯ ದೀಪದ ಪಕ್ಕದಲ್ಲಿ ಬರೆಹವಿಲ್ಲ. ಆ ಖಾಲಿ ಎಡೆಯನ್ನು ಖಾಲಿಯಾಗಿಯೇ ತೋರಿಸುವ ಧೈರ್ಯ ಕಲೆಗೆ ಬೇಕು.

ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡತಕ್ಕ ಕೆಲಸವಿದೆ. ತಲಕಾಡು, ಮಾಲಂಗಿ, ಶ್ರೀರಂಗಪಟ್ಟಣ, ಬೆಟ್ಟದ ಸುತ್ತಲಿನ ಹಳ್ಳಿಗಳು ಇಲ್ಲೆಲ್ಲ ಹಿರಿಯರ ಬಾಯಲ್ಲಿ ಈ ಕಥೆಯ ಪಾಠಾಂತರಗಳನ್ನು ಕೇಳಿ ಬರೆದುಕೊಳ್ಳಬೇಕು. ಕೇಳುವಾಗ, ಶಾಪ ಫಲಿಸಿತೆ ಎಂಬ ಹಳೆಯ ಪ್ರಶ್ನೆಯನ್ನು ಬದಿಗಿಟ್ಟು, ಒಡವೆ ಯಾರದು, ಕೇಳಿದವರು ಯಾರು, ಊರಿನವರು ಏನು ಮಾಡಿದರು ಎಂದು ಕೇಳಬೇಕು. ಹೆಂಗಸರು ಹೇಳುವ ಪಾಠಕ್ಕೂ ಗಂಡಸರು ಹೇಳುವ ಪಾಠಕ್ಕೂ, ನದಿಯ ದಂಡೆಯ ಪಾಠಕ್ಕೂ ಅರಮನೆಯ ಪಾಠಕ್ಕೂ ಭೇದವಿದ್ದರೆ ಅದನ್ನು ತಿದ್ದದೆ ಹಾಗೆಯೇ ಉಳಿಸಬೇಕು. ಪಾಠಾಂತರವೆಂಬುದು ಗ್ರಂಥಸಂಪಾದನೆಯಲ್ಲಿ ದೋಷವೆನಿಸಬಹುದು. ಇಂಥ ಐತಿಹ್ಯದಲ್ಲಿ ಅದೇ ಸಾಕ್ಷ್ಯ. ಅಷ್ಟು ಸಾಕ್ಷ್ಯ ಒಟ್ಟಾದರೆ, ನಾಲ್ಕು ನೂರು ವರ್ಷಗಳಿಂದ ಶಾಪವೆಂದು ಕೇಳಿಬಂದ ಮಾತು ಮೊದಲ ಸಲ ಒಂದು ಅಹವಾಲಾಗಿ ನಮ್ಮ ಕಿವಿಗೆ ಬೀಳುವುದು.